ಮಲಗಿದ್ದ ದೇಸಾಯಿ ಕಳುವಾದ ಬಗ್ಗೆ

ಹೆಸರು ಚನ್ನಬಸವಯ್ಯ, ತಂದೆ ಲೇಟ್ ರೇವಣಸಿದ್ದಯ್ಯ, ವಯಸ್ಸು 61 ವರ್ಷ, ಕೆಲಸ ರೇಷ್ಮೆ ಬಿತ್ತನೆ ಕೋಠಿಯ ಶೈತ್ಯಾಗಾರದಲ್ಲಿ ಆಪರೇಟರ್ ಆಗಿದ್ದು ಈಗ ನಿವೃತ್ತ, ವಾಸ ನೆಲ ಅಂತಸ್ತು, ನೀರಿನ ಟ್ಯಾಂಕ್ ಹಿಂಭಾಗದ ರಸ್ತೆ, ಕತ್ರಿಗುಪ್ಪೆ, ಬೆಂಗಳೂರು-85.

ದಿನಾಂಕ 04-01-2007ರ ಗುರುವಾರ ಮಧ್ಯಾಹ್ನ 12-30ಕ್ಕೆ ಠಾಣೆಯಲ್ಲಿ ಖುದ್ದಾಗಿ ಕುಳಿತು ಹೇಳಿ ಬರೆಸುವುದೇನೆಂದರೆ:

ನಾನು ಮೇಲಿನ ವಿಳಾಸದ ಸ್ವಂತ ಮನೆಯಲ್ಲಿ ನನ್ನ ಹೆಂಡತಿ ಶಿವಬಸಮ್ಮನೊಂದಿಗೆ ವಾಸವಾಗಿರುತ್ತೇನೆ. 1972ರಿಂದ 2003ರವರೆಗೆ 31 ವರ್ಷ ಸರ್ಕಾರಿ ಸೇವೆ ಮಾಡಿರುತ್ತೇನೆ. ನನ್ನ ಕೆಲಸ ರೇಷ್ಮೆ ಹುಳುವಿನ ಮೊಟ್ಟೆಗಳನ್ನು ಮರಿಯಾಗದಂತೆ ತಂಪಿನಲ್ಲಿ ಮಲಗಿಸುವುದು ಮತ್ತು ಗೊತ್ತಾದ ದಿನ ಎಬ್ಬಿಸುವುದು. ಮೊಟ್ಟೆಯನ್ನು 25 ಡಿಗ್ರಿಯಿಂದ 20ಕ್ಕೆ, 20ರಿಂದ 15ಕ್ಕೆ, ಹಾಗೇ 10ಕ್ಕೆ, 5ಕ್ಕೆ ಮೆಟ್ಟಿಲು ಇಳಿಸಿದ ಹಾಗೆ ಇಳಿಸಬೇಕು. ಒಂದೇ ಏಟಿಗೆ ಇಳಿಸಿದರೆ ಸತ್ತು ಹೋಗುತ್ತವೆ. ನನ್ನ ಸರ್ವೀಸಿನಲ್ಲಿ ಒಂದು ಟ್ರೇ ಕೂಡ ಹಾಗೆ ಸತ್ತಿರುವುದಿಲ್ಲ. ಚಿಕ್ಕದಾಗಿ ಹೇಳಿ ಸಾರ್, ಇದೆಲ್ಲಾ ಬೇಡ ಎಂದು ಎ.ಎಸ್.ಐ. ಮರೆಪ್ಪನವರು ಈಗ ಹೇಳಿದರು. ಇದನ್ನು ಬಿಟ್ಟರೆ ಮುಂದಿನದು ತಲೆಬುಡ ತಿಳಿಯುವುದಿಲ್ಲ, ನಾನು ಹೇಳಿದಂತೆಯೇ ಬರೆಯಿರಿ ಎಂದು ಕೇಳಿಕೊಂಡಿದ್ದೇನೆ.

ನಮ್ಮ ಮನೆಯ ಮೇಲಿನ ಒಂದು ರೂಮಿನಲ್ಲಿ ಶೈಲಶ್ರೀ, 27 ವರ್ಷ, ರೋಣ ಕಡೆಯವಳು, ಬಿ.ಟಿ.ಎಂ. ಲೇಔಟಿನ ಒಂದು ಆಫೀಸಿನಲ್ಲಿ ಕೆಲಸ ಮಾಡುವವಳು, ಜೂನ್ 2005ರಿಂದ ಬಾಡಿಗೆಗೆ ಇರುತ್ತಾಳೆ. ಅವಳ ಬಳಿ ಓತಿಕೇತದ ಜಾತಿಯ, ಆಸ್ಟ್ರೇಲಿಯಾ ಮೂಲದ ಒಂದು ಸಾಕುಪ್ರಾಣಿ ಇರುತ್ತದೆ. ಬಾಲ ಸೇರಿ ಉದ್ದ 19 ಅಂಗುಲ, ವಯಸ್ಸು ಮೂರು ವರ್ಷ. ಅದಕ್ಕೆ ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರು. ಸಿಟ್ಟು ಬಂದಾಗ ಗಂಟಲು ಉಬ್ಬಿಸಿದರೆ ಗಡ್ಡ ಬಿಟ್ಟವರಂತೆ ಕಾಣುತ್ತದೆ. ಅವಳ ಹಿಂದಿನ ಮ್ಯಾನೇಜರ್ ಊರು ಬಿಡುವಾಗ ಕೊಟ್ಟು ಹೋದದ್ದು. ಕಲ್ಲಿನ ಮೇಲೆ ತಲೆ ಎತ್ತಿ ಕೂರುವ ಗತ್ತು ನೋಡಿ ಅವಳು ಅದನ್ನು ದೇಸಾಯಿ ಎಂದು ಕರೆಯುತ್ತಾಳೆ. ನಾನು ಮೊದಲು ಅದನ್ನು ಹಲ್ಲಿ ಎನ್ನುತ್ತಿದ್ದೆ. ಅದು ನನ್ನ ತಪ್ಪು.

ದಿನಾಂಕ 05-11-2006ರ ಭಾನುವಾರ ಬೆಳಿಗ್ಗೆ 9ಕ್ಕೆ ಶೈಲಶ್ರೀ ಕೆಳಗೆ ಬಂದು, ಡಿಸೆಂಬರ್ 4ಕ್ಕೆ ಊರಲ್ಲಿ ತಾಯಿಗೆ ಮಂಡಿ ಆಪರೇಷನ್ ಇದೆ, ಎರಡು ತಿಂಗಳು ಅಲ್ಲೇ ಇರಬೇಕು ಎಂದಳು. ಹೋದ ಚಳಿಗಾಲದಲ್ಲಿ ದೇಸಾಯಿ ತಾನಾಗೇ ಊಟ ಬಿಟ್ಟು ಮೂಲೆ ಸೇರಿ ಮಲಗಿತ್ತಂತೆ. ಇವಳು ಹೆದರಿ ದಿನಾ ಎಬ್ಬಿಸಿದ್ದಕ್ಕೆ ಅದು ಸೊರಗಿ ಸಾಯುವ ಸ್ಥಿತಿಗೆ ಬಂದಿತ್ತಂತೆ. ಈ ಪ್ರಾಣಿಗೆ ಚಳಿಗಾಲದ ನಿದ್ದೆ ಸಹಜ, ಈ ವರ್ಷ ಸರಿಯಾಗಿ ತಯಾರು ಮಾಡಿ ಮಲಗಿಸಿ ಎಂದು ಜಯನಗರದ ಪಶುವೈದ್ಯರು ಹೇಳಿದ್ದರಂತೆ. ಅಂಕಲ್ ರೀ, ಮಲಗಸೋ ಕೆಲಸ ನಿಮ್ಮಷ್ಟು ಯಾರಿಗೂ ಗೊತ್ತಿಲ್ರೀ, ಫೆಬ್ರುವರಿತನಕ ಇವನ್ನ ನಿಮ್ಮ ಕೈಯಾಗ ಬಿಡ್ತೀನಿ ಎಂದಳು. ನಿವೃತ್ತಿಯಾದ ಮೇಲೆ ನನ್ನ ಕೆಲಸವನ್ನು ಯಾರೂ ಕೇಳಿರಲಿಲ್ಲ. ಆಗಲಮ್ಮ ಎಂದೆ. ಅವಳು ಬ್ರೌಸಿಂಗ್ ಸೆಂಟರಿನಿಂದ ತಂದಿದ್ದ ನಾಲ್ಕು ಹಾಳೆಗಳನ್ನು ಓದಿ, ಕನ್ನಡದಲ್ಲಿ ರಿಜಿಸ್ಟರಿಗೆ ಇಳಿಸಿಕೊಂಡೆ.

ದಿನಾಂಕ 06-11-2006ರಂದು ಅದರ ಹಿಕ್ಕೆಯನ್ನು ವೈದ್ಯರಲ್ಲಿ ಪರೀಕ್ಷೆ ಮಾಡಿಸಿದೆವು. ಹೊಟ್ಟೆಹುಳ ಇದ್ದರೆ ಮಲಗಿಸುವಂತಿಲ್ಲ. ಇರಲಿಲ್ಲ. ದಿನಾಂಕ 07-11-2006ರಂದು ಕಡೆಯ ಊಟ ಕೊಟ್ಟೆವು. ನಾನೇ ಪರಿಚಯದವರಿಂದ ತಂದಿದ್ದ ಐದು ರೇಷ್ಮೆ ಹುಳು ಮತ್ತು ಒಂದು ಹಿಡಿ ನುಗ್ಗೆ ಸೊಪ್ಪು. ನನಗೆ ಅನ್ನ ಹಾಕಿದ ಹುಳುಗಳನ್ನು ಅದು ಕರಕರ ಅಗಿಯುವುದನ್ನು ನೋಡಿ ನಾನು ಮುಖ ತಿರುಗಿಸಿದೆ. ಆ ದಿನದಿಂದ ಊಟ ಬಂದ್. ಆದರೆ ಬಿಸಿ ದೀಪ ಮಾತ್ರ ದಿನಕ್ಕೆ 12 ಗಂಟೆ ಉರಿಯಲೇಬೇಕು. ತಿಂದದ್ದು ಅರಗಿ ಹೊರಗೆ ಹೋಗದೆ ಮೈ ತಣ್ಣಗಾದರೆ ಊಟ ಹೊಟ್ಟೆಯಲ್ಲೇ ಕೊಳೆತು ಪ್ರಾಣಿ ಸಾಯುತ್ತದೆ. ಹೊಟ್ಟೆ ಸಡಿಲವಾಗಲೆಂದು ಬೆಳಿಗ್ಗೆ ಬೇಸನ್ನಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 15 ನಿಮಿಷ ಕೂರಿಸುತ್ತಿದ್ದೆವು. ನನ್ನ ಹೆಂಡತಿ ಇದನ್ನು ನೋಡಿ, ನನ್ನ ಬಾಣಂತನದಲ್ಲೂ ನೀವು ಒಂದು ಚೊಂಬು ನೀರು ಕಾಯಿಸಲಿಲ್ಲ, ಹಲ್ಲಿಗೆ ಅಭ್ಯಂಜನ ಮಾಡಿಸ್ತಿದ್ದೀರಾ ಎಂದು ರೇಗಿದಳು. ಅವಳು ಹೇಳಿದ್ದು ನಿಜ.

ದಿನಾಂಕ 18-11-2006ಕ್ಕೆ ಹೊಟ್ಟೆ ಪೂರ್ತಿ ಖಾಲಿಯಾಯಿತು. ಅನುಮಾನಕ್ಕೆ ಎಡೆಯಿರಬಾರದೆಂದು ಇನ್ನೂ ಮೂರು ದಿನ ಕಾದೆವು. ದಿನಾಂಕ 22-11-2006ರಿಂದ ದೀಪದ ಹೊತ್ತನ್ನು ದಿನಕ್ಕೆ ಒಂದು ಗಂಟೆ ಇಳಿಸುತ್ತಾ ಬಂದೆವು. ಇದು ನನ್ನ ಕೈಗೆ ಪಳಗಿದ ಕೆಲಸ. ಹದಿನೈದು ಡಿಗ್ರಿಗೆ ಬಂದ ಮೇಲೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ಹತ್ತಕ್ಕೆ, ಐದಕ್ಕೆ ಇಳಿಸೋಣ ಎಂದು ತರಕಾರಿಯನ್ನೂ ಹೊರಗೆ ತೆಗೆಸಿದ್ದೆ. ಶೈಲಶ್ರೀ ಗಾಬರಿಯಿಂದ, ಅಂಕಲ್ ರೀ, ಹದಿಮೂರರ ಕೆಳಗ ಹೋದ್ರ ಸಾಯ್ತದ, ಇದು ಮೊಟ್ಟಿ ಅಲ್ರೀ, ಜೀವ ಐತಿ ಇದಕ್ಕ ಎಂದಳು. ಮೊಟ್ಟೆಗೂ ಜೀವ ಇರುತ್ತದಮ್ಮ ಎಂದೆ. ಆದರೆ ಅವಳು ಹೇಳಿದ್ದೇ ಸರಿ, ಇಲ್ಲದಿದ್ದರೆ ನನ್ನ ಕೈಯಾರೆ ಅದನ್ನು ಕೊಲ್ಲುತ್ತಿದ್ದೆ. ಬೆಂಗಳೂರಿನ ಡಿಸೆಂಬರ್ ಚಳಿಯೇ ಅದಕ್ಕೆ ಹೇಳಿ ಮಾಡಿಸಿದಂತಿದೆ, ಯಂತ್ರವೇ ಬೇಡ.

ದಿನಾಂಕ 30-11-2006ರಂದು ಶೈಲಶ್ರೀ ಊರಿಗೆ ಹೋದಳು. ಪ್ರತಿ ಭಾನುವಾರ ಬೆಳಿಗ್ಗೆ 10ಕ್ಕೆ ಫೋನ್ ಮಾಡುತ್ತೇನೆ ಎಂದಳು. ಹೋಗುವಾಗ ದೇಸಾಯಿಯ ಹಣೆ ಮುಟ್ಟಿದಳು. ದಿನಾಂಕ 03-12-2006ಕ್ಕೆ ದೀಪ ಪೂರ್ತಿ ಆರಿತು. ತೂಕ 384 ಗ್ರಾಂ. ಅದೇ ಸಂಜೆ 5-10ಕ್ಕೆ ಅದನ್ನು ಹಿತ್ತಲ ಕಡೆಯ ಸ್ಟೋರ್ ರೂಮಿನ ತೇಗದ ಪೆಟ್ಟಿಗೆಯಲ್ಲಿ ಬಿಟ್ಟೆ. ಪೆಟ್ಟಿಗೆ ಉದ್ದ ಎರಡೂವರೆ ಅಡಿ, ಅಗಲ ಒಂದೂಕಾಲು ಅಡಿ, ಪಕ್ಕಗಳಲ್ಲಿ ಗಾಳಿಗೆ 24 ತೂತು. ಒಳಗೆ ಹರಿದ ಪೇಪರು, ಮೇಲೆ ಹಳೆಯ ನೂಲಿನ ಸೀರೆ. ನಾನು ಮಲಗಿಸಬೇಕೆಂದುಕೊಂಡಿದ್ದೆ. ಅದು ತಾನೇ ಮುಂಗಾಲಿನಿಂದ ಪೇಪರು ಸರಿಸಿ ಗುಂಡಿ ಮಾಡಿಕೊಂಡು, ಮೂರು ಸುತ್ತು ತಿರುಗಿ, ಗದ್ದ ಊರಿ ಕಣ್ಣು ಮುಚ್ಚಿತು. ಅಷ್ಟು ದಿನ ನಾನು ಇಟ್ಟ ಲೆಕ್ಕವೆಲ್ಲ ಅದಕ್ಕೆ ಮೊದಲೇ ಗೊತ್ತಿತ್ತು ಅನ್ನಿಸಿತು.

ಆಮೇಲೆ ನಾನು ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಮೇಲೆ ಕಾಗದದ ಪಟ್ಟಿ ಅಂಟಿಸಿ, ತಾರೀಖು ಹಾಕಿ ಸಹಿ ಮಾಡಿದೆ. ಕೋಠಿಯಲ್ಲಿ ಮೊಟ್ಟೆ ಮಲಗಿಸಿದರೆ ಅದೇ ಪದ್ಧತಿ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಓತಿಕೇತಕ್ಕೆ ಬೀಗ ಹಾಕಿ ಸೀಲು ಒತ್ತೋ ಗಂಡಸನ್ನ ಏಳು ಲೋಕದಲ್ಲಿ ಕಂಡಿಲ್ಲ ಎಂದು ನನ್ನ ಹೆಂಡತಿ ಹೇಳಿದಳು. ನಾನು ಕೇಳಲಿಲ್ಲ. ಈ ಕೇಸು ಆಗಿರುವುದೇ ಆ ಬೀಗದಿಂದ.

ಭಾನುವಾರಕ್ಕೊಮ್ಮೆ ಸೀಲು ಒಡೆದು, ತೂಗಿ, ತುಟಿಗೆ ಎರಡು ತೊಟ್ಟು ನೀರು ಮುಟ್ಟಿಸಿ, ಮತ್ತೆ ಸೀಲು ಮಾಡುತ್ತಿದ್ದೆ. ದಿನಾಂಕ 10-12-2006ರಂದು ತೂಕ 383, ಉಸಿರು 50 ಸೆಕೆಂಡಿಗೆ ಒಂದು. ದಿನಾಂಕ 17-12-2006ರಂದು ತೂಕ 382, ಉಸಿರು ಒಂದು ನಿಮಿಷ 25 ಸೆಕೆಂಡಿಗೆ ಒಂದು. ಹದಿನಾಲ್ಕು ದಿನ ಅನ್ನವಿಲ್ಲದೆ ಎರಡೇ ಗ್ರಾಂ ಇಳಿದಿತ್ತು. ನಾನು ಕೋಟಿಗಟ್ಟಲೆ ಮೊಟ್ಟೆ ಮಲಗಿಸಿದ್ದೇನೆ, ಒಂದರ ಉಸಿರನ್ನೂ ಕಣ್ಣಾರೆ ಕಂಡಿರಲಿಲ್ಲ. 17ರಂದು ನನ್ನ ಹೆಂಡತಿಯೂ ಬಂದು ಪಕ್ಕ ಕುಳಿತಳು. ಒಂದು ಉಸಿರು ನೋಡಿ, ಇನ್ನೊಂದು ನೋಡಿ ಹೋಗ್ತೀನಿ ಎಂದವಳು ಅರ್ಧ ಗಂಟೆ ಏಳಲಿಲ್ಲ. ಒಲೆ ಮೇಲಿದ್ದ ಸಾರು ತಳ ಹಿಡಿಯಿತು.

ಡಿಸೆಂಬರ್ 15ರಿಂದ 18ರವರೆಗೆ ನಮ್ಮ ಮನೆಯ ಹಿಂದಿನ ಗೋಡೆಗೆ ಬೈಲಪ್ಪ, 41 ವರ್ಷ, ಪೇಂಟಿಂಗ್ ಕೆಲಸ, ವಾಸ ಕುಮಾರಸ್ವಾಮಿ ಲೇಔಟ್, ಎಂಬುವರು ಬಣ್ಣ ಹೊಡೆದಿರುತ್ತಾರೆ. 17ರಂದು ನಾವು ಗಂಡ ಹೆಂಡತಿ ಬಾಗಿಲು ಅರೆ ಮುಚ್ಚಿ, ಪಿಸುಮಾತಿನಲ್ಲಿ ಪೆಟ್ಟಿಗೆ ನೋಡುತ್ತಾ ಕುಳಿತದ್ದನ್ನೂ, ಉಡಿದಾರದ ಬೀಗದ ಕೈಯನ್ನೂ ಅವರು ಕಿಟಕಿಯಿಂದ ಕಂಡಿದ್ದರು ಎಂದು ಈ ದಿನ ಗೊತ್ತಾಯಿತು. ಬಂಗಾರ ಎಂದುಕೊಂಡರಂತೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ದಿನಾಂಕ 21-12-2006ರ ಗುರುವಾರ ಬೆಳಿಗ್ಗೆ 10-40ಕ್ಕೆ ನಾವಿಬ್ಬರೂ ಹನುಮಂತನಗರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿ ಮಧ್ಯಾಹ್ನ 2-15ಕ್ಕೆ ಹಿಂದಿರುಗಿದೆವು. ಹಿತ್ತಲ ಬಾಗಿಲಿನ ಚಿಲಕ ಬಗ್ಗಿತ್ತು. ಟಿ.ವಿ. ಇತ್ತು, ಬೆಳ್ಳಿ ದೀಪ ಇತ್ತು, ಮಿಕ್ಸಿ ಇತ್ತು. ಪೆಟ್ಟಿಗೆ ಇರಲಿಲ್ಲ. ನಾನು ಸ್ಟೋರ್ ರೂಮಿನ ನೆಲದ ಮೇಲೆ ಕುಳಿತುಬಿಟ್ಟೆ. ಬಳಿಕ 1.2 ಕಿಲೋಮೀಟರ್ ನಡೆದು 3 ಗಂಟೆಗೆ ಈ ಠಾಣೆಗೆ ಬಂದೆ. ಪೆಟ್ಟಿಗೆಯಲ್ಲಿ ಏನಿತ್ತು ಎಂದು ಮರೆಪ್ಪನವರು ಕೇಳಿದರು. ಮಲಗಿರುವ ಪ್ರಾಣಿ ಎಂದೆ. ಮೂರು ಸಲ ಕೇಳಿದರು, ಮೂರು ಸಲವೂ ಅದನ್ನೇ ಹೇಳಿದೆ. ದೂರಿನಲ್ಲಿ ಒಂದು ಹಲ್ಲಿ ಎಂದು ಬರೆದದ್ದಕ್ಕೆ ನಾನು ಆಕ್ಷೇಪಣೆ ಮಾಡಿದೆ. ಸಾರ್, ಊರಲ್ಲಿ ಕೊಲೆ ದರೋಡೆ ಆಗ್ತಾ ಇದಾವೆ ಎಂದು ಅವರು ಹೇಳಿದರು. ಆದರೂ ದೂರು ತೆಗೆದುಕೊಂಡರು.

ನನಗೆ ಕಳ್ಳನ ಮೇಲೆ ಸಿಟ್ಟಿರಲಿಲ್ಲ, ಅವನ ಕರುಣೆಯ ಮೇಲೆ ಭಯವಿತ್ತು. ಅಯ್ಯೋ ಪಾಪ, ತಣ್ಣಗಾಗಿದೆ ಎಂದು ಒಲೆ ಪಕ್ಕ ಇಟ್ಟರೆ, ಹಸಿದಿದೆ ಎಂದು ಬಾಯಿಗೆ ಏನಾದರೂ ತುರುಕಿದರೆ ಮುಗಿಯಿತು. ಆದ್ದರಿಂದ ದಿನಾಂಕ 22-12-2006ರಂದು 40 ಚೀಟಿ ಜೆರಾಕ್ಸ್ ಮಾಡಿಸಿ, ಕತ್ರಿಗುಪ್ಪೆಯಿಂದ ಕುಮಾರಸ್ವಾಮಿ ಲೇಔಟ್ ತನಕ ಬಸ್ ಸ್ಟಾಪು, ಹೋಟೆಲು, ಗುಜರಿ ಅಂಗಡಿಗಳ ಗೋಡೆಗೆ ಅಂಟಿಸಿದೆ. ಅದರಲ್ಲಿದ್ದದ್ದು ಇಷ್ಟು: ತೇಗದ ಪೆಟ್ಟಿಗೆ ತೆಗೆದುಕೊಂಡು ಹೋದವರಲ್ಲಿ ವಿನಂತಿ. ಒಳಗಿರುವುದು ಸತ್ತಿಲ್ಲ, ಮಲಗಿದೆ. ಬಿಸಿ ಮುಟ್ಟಿಸಬೇಡಿ. ಊಟ ಕೊಡಬೇಡಿ. ಅಲುಗಿಸಬೇಡಿ. ಭಾನುವಾರ ತುಟಿಗೆ ಎರಡು ತೊಟ್ಟು ನೀರು. ದಯವಿಟ್ಟು ಎಬ್ಬಿಸಬೇಡಿ. ಕೆಳಗೆ ನನ್ನ ಹೆಸರು, ವಿಳಾಸ. ಜನ ನಿಂತು ಓದಿ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ.

ಡಿಸೆಂಬರ್ 24 ಮತ್ತು 31ರ ಭಾನುವಾರ ಶೈಲಶ್ರೀ ಫೋನ್ ಮಾಡಿ, ದೇಸಾಯ್ರು ಮಲಗ್ಯಾರೇನ್ರೀ ಎಂದು ಕೇಳಿದಳು. ಮಲಗಿದಾರಮ್ಮ ಎಂದು ಎರಡು ಸಲವೂ ಹೇಳಿದೆ. ಮಂಚದ ಮೇಲೆ ಕಾಲು ಚಾಚಿ ಮಲಗಿರುವ ತಾಯಿಯ ಪಕ್ಕ ಕುಳಿತಿರುವ ಹುಡುಗಿಗೆ ನಿಜ ಹೇಳಲು ನನ್ನ ನಾಲಿಗೆ ಏಳಲಿಲ್ಲ. 31 ವರ್ಷ ರಿಜಿಸ್ಟರಿನಲ್ಲಿ ಒಂದು ಸುಳ್ಳು ಅಂಕಿ ಬರೆಯದ ನಾನು ಆ ಮಗುವಿಗೆ ಎರಡು ಸುಳ್ಳು ಹೇಳಿರುತ್ತೇನೆ. ಅದು ಈ ಹೇಳಿಕೆಯಲ್ಲಿ ಇರಲಿ ಎಂದು ಬರೆಸಿದ್ದೇನೆ.

ಈ ದಿನ ಬೆಳಿಗ್ಗೆ 9-10ಕ್ಕೆ ಬೈಲಪ್ಪ ನಮ್ಮ ಗೇಟಿನ ಹೊರಗೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತಿದ್ದರು. ಬಿಸಿಲು ತಾಗದಂತೆ ಮೇಲೆ ಟವೆಲ್ ಹೊದಿಸಿತ್ತು. ಅವರು ಅಳುತ್ತಾ ಹೇಳಿದ್ದೇನೆಂದರೆ, 21ರಂದೇ ಬೀಗ ಒಡೆದು ನೋಡಿದರು, ಬಂಗಾರದ ಬದಲು ಈ ಪ್ರಾಣಿ ಇತ್ತು. ಸತ್ತಿದೆ ಎಂದು ಖಾಲಿ ಸೈಟಿಗೆ ಎಸೆಯಲು ಎತ್ತಿದಾಗ ಮೈ ಸೆಟೆದಿರಲಿಲ್ಲ, ಮೆತ್ತಗಿತ್ತು. ನೋಡುತ್ತಾ ನಿಂತಾಗ ಪಕ್ಕೆ ಒಂದು ಸಲ ಎದ್ದು ಇಳಿಯಿತು, ಮೊದಲಿದ್ದಂತೆಯೇ ಗುಂಡಿಯಲ್ಲಿ ಇಟ್ಟರು. ಮಾರನೆಯ ದಿನ ಬಸ್ ಸ್ಟಾಪಿನಲ್ಲಿ ಚೀಟಿ ಓದಿದರು. ಪೊಲೀಸಿನ ಭಯಕ್ಕೆ ತಂದುಕೊಡಲಿಲ್ಲ, ಆದರೆ ಚೀಟಿಯಲ್ಲಿದ್ದ ಹಾಗೇ ಎಲ್ಲಾ ಮಾಡಿದರು. ದಿನಾ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಒಂದು ಉಸಿರು ನೋಡಿಯೇ ಊಟಕ್ಕೆ ಕೂರುತ್ತಿದ್ದರು. ನಿನ್ನೆ ಸಂಜೆ ಹತ್ತು ನಿಮಿಷ ನೋಡಿದರೂ ಉಸಿರು ಕಾಣಲಿಲ್ಲ. ಸಾರ್, ನಾನು ಕದ್ದಿದ್ದು ನಿಜ, ಆದ್ರೆ ಇದಕ್ಕೆ ಏನೂ ಮಾಡಿಲ್ಲ, ಜೀವ ಇದೆಯೋ ಇಲ್ವೋ ನೋಡಿ ಸಾರ್ ಎಂದು ಕೇಳಿದರು.

ನನ್ನ ಕೈ ಮುಚ್ಚಳದ ಮೇಲೆ ಇತ್ತು. ಆದರೆ ಸೀಲು ಒಡೆದ ಮಾಲನ್ನು ಮಹಜರಿಲ್ಲದೆ ಮುಟ್ಟಬಾರದು ಎಂಬುದು ನಾನು ಕಲಿತದ್ದು. ಠಾಣೆಗೇ ಹೋಗೋಣ ಎಂದೆ. ಥೂ ನಿಮ್ಮ ರೂಲ್ಸಿಗೆ ಬೆಂಕಿ ಬೀಳ, ಮೊದಲು ತೆಗೆದು ನೋಡಿ ಅಂದ್ರೆ ಎಂದು ನನ್ನ ಹೆಂಡತಿ ಬೈದಳು. ನಿಜ ಹೇಳುವುದಾದರೆ ರೂಲ್ಸು ಒಂದು ನೆಪ. ತೆರೆದು ನೋಡಲು ನನಗೆ ಧೈರ್ಯ ಇರಲಿಲ್ಲ. ಮೂವರೂ ಆಟೋದಲ್ಲಿ ಬಂದೆವು. ಬೈಲಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಂಪ್ ಬಂದಾಗಲೆಲ್ಲ ಕೈಯಿಂದ ಮೇಲೆತ್ತಿ ಹಿಡಿಯುತ್ತಿದ್ದರು.

ಪಂಚ ಸಾಕ್ಷಿದಾರರು ಬರುವವರೆಗೆ ಕಾದು, 11-38ಕ್ಕೆ ಮರೆಪ್ಪನವರ ಮೇಜಿನ ಮೇಲೆ ಮುಚ್ಚಳ ತೆರೆಯಲಾಯಿತು. ದೇಸಾಯಿ ನಾನು ಬಿಟ್ಟ ಗುಂಡಿಯಲ್ಲೇ, ಬಿಟ್ಟ ಭಂಗಿಯಲ್ಲೇ ಇತ್ತು. ಬಣ್ಣ ಮಾತ್ರ ಬೂದಿ ತಿರುಗಿತ್ತು. ಮುಟ್ಟಿದೆ, ಕಲ್ಲಿನ ಹಾಗೆ ತಣ್ಣಗಿತ್ತು. ಮರೆಪ್ಪನವರು, ಪಂಚನಾಮೆಗೆ ಬೇಕು, ಜೀವಂತ ಅಂತ ಬರೀಲೋ ಮೃತ ಅಂತ ಬರೀಲೋ ಎಂದು ಕೇಳಿದರು. ಒಬ್ಬ ಕಾನ್‌ಸ್ಟೇಬಲ್, ಟೀ ಗ್ಲಾಸ್ ತಾಗಿಸಿ ನೋಡೋಣ, ಬಿಸಿಗೆ ಏಳುತ್ತೆ ಎಂದು ಹತ್ತಿರ ತಂದರು. ನಾನು ಅವರ ಕೈ ಹಿಡಿದುಕೊಂಡೆ. ಸರ್ಕಾರಿ ನೌಕರರ ಕೈ ಹಿಡಿದದ್ದಕ್ಕೆ ಕ್ಷಮೆ ಕೇಳಿರುತ್ತೇನೆ. ಬದುಕಿದ್ದರೆ ಅದಕ್ಕೆ ಅರ್ಧ ನಿದ್ದೆ ಬಾಕಿಯಿದೆ, ದಯವಿಟ್ಟು ಸುಮ್ಮನೆ ಕುಳಿತು ನೋಡೋಣ ಎಂದೆ. ಮರೆಪ್ಪನವರು ನನ್ನ ಮುಖ ನೋಡಿದರು. ಫ್ಯಾನ್ ಆರಿಸಿದರು. ವೈರ್‌ಲೆಸ್ ಸದ್ದು ತಗ್ಗಿಸಿದರು. ಬಾಗಿಲಲ್ಲಿ ಜಗಳವಾಡುತ್ತಿದ್ದ ಇಬ್ಬರು ಸ್ಕೂಟರಿನವರಿಗೆ ಹೊರಗೆ ನಿಲ್ಲಲು ಹೇಳಿದರು.

ಒಂದು ನಿಮಿಷ ಆಯಿತು. ಎರಡು ಆಯಿತು. ಮೂರಕ್ಕೆ ನನ್ನ ಹೆಂಡತಿ ಶಿವ ಶಿವಾ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಫೋನಿನಲ್ಲಿ ಶೈಲಶ್ರೀಗೆ ಏನು ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ. ನಾಲ್ಕಾಯಿತು. ನನ್ನ ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ಆಗ ಬೈಲಪ್ಪ, ಹೊಟ್ಟೆ ನೋಡಬೇಡಿ ಸಾರ್, ಎಡಗಡೆ ಮುಂಗಾಲಿನ ಹಿಂದೆ ನೋಡಿ, ಅಲ್ಲೇ ಮೊದಲು ಏಳೋದು ಎಂದು ಮೆಲ್ಲಗೆ ಹೇಳಿದರು. ಎಲ್ಲರೂ ಅಲ್ಲಿ ನೋಡಿದೆವು. ಗಡಿಯಾರದಲ್ಲಿ 11 ಗಂಟೆ 43 ನಿಮಿಷವಾಗಿದ್ದಾಗ, ಎಡ ಮುಂಗಾಲಿನ ಹಿಂದಿನ ಚರ್ಮ ಒಂದು ರೂಪಾಯಿ ನಾಣ್ಯದ ಅಂಚಿನಷ್ಟು ಮೇಲೆದ್ದು, ಸ್ವಲ್ಪ ಹೊತ್ತು ನಿಂತು, ಇಳಿಯಿತು.

ಮರೆಪ್ಪನವರು ಟೋಪಿ ತೆಗೆದು ಮೇಜಿನ ಮೇಲೆ ಇಟ್ಟರು. ಬೈಲಪ್ಪ ಗೋಡೆಗೆ ಒರಗಿ ಕುಕ್ಕರಿಸಿದರು. ನನಗೆ ಅಳು ತಡೆಯಲಾಗಲಿಲ್ಲ, ಅತ್ತೆ. ಇಷ್ಟು ದೊಡ್ಡ ಊರಿನ ಗಲಾಟೆಯ ಮಧ್ಯೆ, ಕದ್ದವನ ಮನೆಯಲ್ಲಿದ್ದು, ಆಟೋದಲ್ಲಿ ಬಂದು, ಠಾಣೆಯ ಮೇಜಿನ ಮೇಲೂ ಅದು ತನ್ನ ಪಾಡಿಗೆ ತಾನು ಮಲಗಿಯೇ ಇತ್ತು. ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಬೈಲಪ್ಪನವರ ಮೇಲೆ ಮುಂದಿನ ಕ್ರಮ ಜರುಗಿಸುವುದು ಬಿಡುವುದು ತಮಗೆ ಬಿಟ್ಟದ್ದು. ಆ ಹದಿನಾಲ್ಕು ದಿನ ಅದನ್ನು ಎಬ್ಬಿಸದೆ ಕಾದವರು ಅವರೇ ಎಂಬುದನ್ನು ನಾನು ಎಲ್ಲಿ ಬೇಕಾದರೂ ಬಂದು ಹೇಳಲು ಸಿದ್ಧನಿರುತ್ತೇನೆ.

ಮರೆಪ್ಪನವರು ಪಂಚನಾಮೆಯಲ್ಲಿ ಜೀವಂತ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದರು. ಕಾನೂನಿಗೆ ಒಂದು ಉಸಿರು ಸಾಕಾಗಿತ್ತು. ಆದರೂ ಯಾರೂ ಜಾಗ ಬಿಟ್ಟು ಏಳಲಿಲ್ಲ, ಫ್ಯಾನ್ ಹಾಕಿ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಎರಡನೆಯದಕ್ಕೆ ಕಾದೆವು. ಅದು 11 ಗಂಟೆ 47 ನಿಮಿಷಕ್ಕೆ ಬಂತು.

ಇಷ್ಟೂ ನನ್ನ ಬಾಯಿಂದಲೇ ಬಂದದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಓದಿಸಿ ಕೇಳಿದ್ದೇನೆ, ನಡೆದದ್ದು ನಡೆದಂತೆಯೇ ಇದೆ.

ಸ್ಥಳ: ಬೆಂಗಳೂರು
ದಿನಾಂಕ: 04-01-2007

(ಸಹಿ) ಚನ್ನಬಸವಯ್ಯ

ನನ್ನ ಸಮಕ್ಷಮ ಬರೆದುಕೊಂಡದ್ದು
(ಸಹಿ) ಮರೆಪ್ಪ, ಎ.ಎಸ್.ಐ.